ಹುಬ್ಬಳ್ಳಿಯ ಟೆಂಡರ್ ಅಂಗಡಿ: ಮೂರು ಸಲ ತಿರಸ್ಕೃತನಾದವನ ಅಭಿಪ್ರಾಯ

ಗದಗ ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಛಾಪಖಾನೆ ಇದೆ. ತಂದೆಯವರ ಕಾಲದಿಂದ ರಸೀದಿ ಪುಸ್ತಕ, ಹಾಜರಿ ಪುಸ್ತಕ, ರಜಿಸ್ಟರು ಮಾಡಿಕೊಂಡು ಬಂದವರು ನಾವು. ಬೈಂಡಿಂಗ್ ವಿಷಯದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ನಾಲ್ಕು ಕ್ವಯರಿನ ರಜಿಸ್ಟರನ್ನು ಒಂದೇ ಹಾಳೆ ಹಿಡಿದು ಎತ್ತಿದರೂ ಹೊಲಿಗೆ ಬಿಡುವುದಿಲ್ಲ. ಆದರೂ ಎರಡು ವರ್ಷಗಳಲ್ಲಿ ಮೂರು ಸರ್ಕಾರಿ ಟೆಂಡರ್ ಹಾಕಿ ಮೂರರಲ್ಲೂ ತಿರಸ್ಕೃತನಾದೆ. ದರ ಹೆಚ್ಚಾಗಿ ಸೋತಿದ್ದರೆ ಇಷ್ಟು ಸಂಕಟವಿರಲಿಲ್ಲ. ನನ್ನ ದರವನ್ನು ಯಾರೂ ತೆರೆದೇ ನೋಡಲಿಲ್ಲ.

ಎರಡು ಲಕೋಟೆಯ ಪದ್ಧತಿ ಅಂದರೆ ಹೀಗೇ. ಮೊದಲ ಲಕೋಟೆಯಲ್ಲಿ ಅರ್ಹತೆ ಮತ್ತು ತಾಂತ್ರಿಕ ದಾಖಲೆ, ಎರಡನೆಯದರಲ್ಲಿ ದರ. ಮೊದಲನೆಯದರಲ್ಲಿ ಎಡವಿದವನ ಎರಡನೆಯ ಲಕೋಟೆ ತೆರೆಯುವುದೇ ಇಲ್ಲ. ಈಗ ಎಲ್ಲವೂ ಕೆಪಿಪಿಪಿ ಎಂಬ ರಾಜ್ಯ ಸರ್ಕಾರದ ಖರೀದಿ ಪೋರ್ಟಲಿನಲ್ಲಿ ನಡೆಯುವುದರಿಂದ ಲಕೋಟೆ ಎಂಬುದು ಮಾತಿಗಷ್ಟೇ ಉಳಿದಿದೆ.

ಪೇಟೆಯ ಕಾಗದದ ವ್ಯಾಪಾರಿಯೊಬ್ಬರು, ಟೆಂಡರ್ ಓದಿ ತಪ್ಪು ಹೇಳುವವರೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆ, ಒಮ್ಮೆ ಹೋಗಿ ಅವರಿಗೆ ತೋರಿಸಿರಿ ಎಂದು ವಿಳಾಸ ಕೊಟ್ಟರು. ಕೊಪ್ಪೀಕರ್ ರಸ್ತೆಯಿಂದ ಒಳಗೆ ಹೋಗುವ ಸಂದಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿ. ಫಲಕದ ಮೇಲೆ ಜೆರಾಕ್ಸ್, ಸ್ಕ್ಯಾನಿಂಗ್, ಡಿಜಿಟಲ್ ಸಹಿ ಎಂದಷ್ಟೇ ಇದೆ. ಹೆಸರು ಹಾಕಿ ಬರೆಯಬೇಡಿರಿ, ಈಗಿರುವ ಗದ್ದಲವೇ ಸಾಕಾಗಿದೆ ಎಂದು ಮಾಲೀಕರೇ ಹೇಳಿದ್ದರಿಂದ ಹೆಸರು ಬಿಟ್ಟಿದ್ದೇನೆ. ಬಹಳ ವರ್ಷ ಗುತ್ತಿಗೆದಾರರೊಬ್ಬರ ಕಡೆ ಗುಮಾಸ್ತರಾಗಿದ್ದವರು. ಮಾತು ಕಡಿಮೆ, ನಗು ಇನ್ನೂ ಕಡಿಮೆ.

ಹೊಸ ಟೆಂಡರಿನ ಪ್ರತಿಯನ್ನು ಮುಂದಿಟ್ಟೆ. ಅದನ್ನು ಬದಿಗೆ ಸರಿಸಿ, "ಬಿದ್ದು ಹೋದ ಮೂರೂ ಫೈಲು ತಂದಿದ್ದೀರಾ?" ಎಂದು ಕೇಳಿದರು. ತಂದಿರಲಿಲ್ಲ. ಮರುದಿನ ಮತ್ತೆ ಗದಗಿನಿಂದ ಬಂದೆ.

ಮೊದಲ ಫೈಲಿನಲ್ಲಿ ಮೂರು ವರ್ಷದ ವಹಿವಾಟಿನ ಬಗ್ಗೆ ಲೆಕ್ಕಪರಿಶೋಧಕರು ಕೊಟ್ಟ ಪ್ರಮಾಣಪತ್ರವಿತ್ತು. ಸಹಿ ಇದೆ, ಮೊಹರು ಇದೆ, ಮತ್ತೇನು ಬೇಕು ಎಂದುಕೊಂಡಿದ್ದೆ. ಅವರು ಕಾಗದದ ಕೆಳತುದಿಯ ಖಾಲಿ ಜಾಗದ ಮೇಲೆ ಕೆಂಪು ಪೆನ್ಸಿಲ್ ಇಟ್ಟು, "ಯುಡಿಐಎನ್ ಎಲ್ಲಿ?" ಎಂದರು. 2019ರ ಫೆಬ್ರವರಿಯಿಂದ ಲೆಕ್ಕಪರಿಶೋಧಕರು ಕೊಡುವ ಪ್ರಮಾಣಪತ್ರಗಳಿಗೆ ಈ 18 ಅಂಕಿ-ಅಕ್ಷರಗಳ ಗುರುತು ಸಂಖ್ಯೆ ಕಡ್ಡಾಯ. ಸಂಖ್ಯೆ ಹಾಕಿ ನೋಡಿದರೆ ಪತ್ರ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ನನ್ನ ಪತ್ರ ಅಸಲಿಯೇ ಆಗಿತ್ತು, ಆದರೆ ಹಾಗೆಂದು ತೋರಿಸುವ ದಾರಿ ಅದರಲ್ಲಿರಲಿಲ್ಲ.

ಎರಡನೆಯದರಲ್ಲಿ ಇಎಂಡಿ, ಅಂದರೆ ಮುಂಗಡ ಠೇವಣಿಯನ್ನೇ ಕಟ್ಟಿರಲಿಲ್ಲ. ಸಣ್ಣ ಉದ್ಯಮವೆಂದು ಗುರುತಿಸುವ ಕೇಂದ್ರದ ಉದ್ಯಮ್ ನೋಂದಣಿ ಪತ್ರ ಹಚ್ಚಿ, ಸಣ್ಣ ಉದ್ಯಮಕ್ಕೆ ವಿನಾಯಿತಿ ಇದೆಯಲ್ಲ ಎಂದು ಧೈರ್ಯವಾಗಿದ್ದೆ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಲ್ಲಿ ಆ ವಿನಾಯಿತಿ ಇರುವುದು ನಿಜ. "ಈ ಟೆಂಡರಿನ ಷರತ್ತಿನಲ್ಲಿ ಇದೆಯೇ? ಓದಿ ತೋರಿಸಿರಿ" ಎಂದರು. ಎರಡು ಸಲ ಓದಿದೆ. ಇರಲಿಲ್ಲ.

ಮೂರನೆಯದನ್ನು ಬರೆಯಲು ನಾಚಿಕೆಯಾಗುತ್ತದೆ. ಛಾಪಖಾನೆಯ ತಲೆಪತ್ರದ ಮೇಲೆ ಎಂದಿನ ರೂಢಿಯಂತೆ "ರಜಿಸ್ಟರ್ ಒಂದಕ್ಕೆ ಇಷ್ಟು ರೂಪಾಯಿ" ಎಂದು ಬರೆದ ಪತ್ರವನ್ನು ತಾಂತ್ರಿಕ ದಾಖಲೆಗಳ ಜೊತೆಯೇ ಏರಿಸಿಬಿಟ್ಟಿದ್ದೆ. ಎರಡನೆಯ ಲಕೋಟೆಯಲ್ಲಿ ಮುಚ್ಚಿರಬೇಕಾದ ದರ ಮೊದಲನೆಯದರಲ್ಲೇ ಬಯಲಾಗಿತ್ತು. ಆ ಕಚೇರಿಯವರನ್ನು ನಾನು ಆರು ತಿಂಗಳು ಬೈದುಕೊಂಡು ತಿರುಗಿದ್ದೆ.

ಮೂರಕ್ಕೂ ಅವರು ತೆಗೆದುಕೊಂಡದ್ದು ಒಂದು ಚಹಾ ಕುಡಿಯುವಷ್ಟು ಸಮಯ. ತಪ್ಪು ಹುಡುಕಿದ ರೀತಿಯೂ ಹೇಳುವಂಥದ್ದು. ನಾನು ಟೆಂಡರ್ ಓದುವುದು ಕೆಲಸ ಹಿಡಿಯುವ ಆಸೆಯಿಂದ. ಅವರು ಓದುವುದು ಮೇಜಿನ ಆಚೆ ಕುಳಿತು, ಬಂದ ಹತ್ತರಲ್ಲಿ ಆರನ್ನು ಹೊರಗಿಡಬೇಕಾದ ಮನುಷ್ಯನ ಹಾಗೆ.

ನನಗೊಂದು ಹಟವಿತ್ತು. ಇಷ್ಟು ಸಣ್ಣ ಕಾರಣಕ್ಕೆ ತಳ್ಳಿಹಾಕಬಹುದೇ ಎಂದು ಕೇಳಿದೆ. ಅದಕ್ಕೆ ಅವರು 1991ರ ಪೋದ್ದಾರ್ ಸ್ಟೀಲ್ ಪ್ರಕರಣ ಹೇಳಿದರು. ರೈಲ್ವೆಯ ಡೀಸೆಲ್ ಎಂಜಿನ್ ಕಾರ್ಖಾನೆಯ ಗುಜರಿ ಮಾರಾಟದ ಟೆಂಡರ್ ಅದು. ಠೇವಣಿಯನ್ನು ನಗದಾಗಿ ಅಥವಾ ಸ್ಟೇಟ್ ಬ್ಯಾಂಕಿನ ಡಿಡಿಯಾಗಿ ಕೊಡಬೇಕೆಂದಿತ್ತು. ಒಬ್ಬರು ಯೂನಿಯನ್ ಬ್ಯಾಂಕ್ ಪ್ರಮಾಣೀಕರಿಸಿದ ಚೆಕ್ ಕೊಟ್ಟರು. ಮುಖ್ಯ ಷರತ್ತು ಬೇರೆ, ಅದಕ್ಕೆ ಪೂರಕವಾದ ಷರತ್ತು ಬೇರೆ. ಇಂಥ ಸಣ್ಣ ವ್ಯತ್ಯಾಸವನ್ನು ಪ್ರಾಧಿಕಾರ ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ ಆ ಟೆಂಡರನ್ನು ಎತ್ತಿಹಿಡಿಯಿತು. ನನ್ನ ಮುಖ ಅರಳಿದ್ದನ್ನು ನೋಡಿ ಕೂಡಲೇ ತಣ್ಣೀರು ಹಾಕಿದರು: "ಅವರು ದುಡ್ಡನ್ನಂತೂ ಕೊಟ್ಟಿದ್ದರಲ್ಲ ಅಣ್ಣನವರೇ, ನೀವು ಕೊಟ್ಟೇ ಇಲ್ಲ. ಅಲ್ಲದೆ, ಬಿಟ್ಟುಕೊಡಬಹುದು ಅಂದರೆ ಬಿಟ್ಟುಕೊಡಲೇಬೇಕು ಅಂತಲ್ಲ." ಮೇಲ್ಮನವಿಯ ದಾರಿಯನ್ನೂ ಕೇಳಿದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 16ನೆಯ ಕಲಮಿನಂತೆ, ಟೆಂಡರ್ ಅಂಗೀಕಾರದ ಆದೇಶದಿಂದ ನೊಂದವರು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ನನ್ನ ಕೊನೆಯ ಟೆಂಡರ್ ಮುಗಿದು ಏಳು ತಿಂಗಳಾಗಿತ್ತು.

ಆಮೇಲೆ ಹೊಸ ಟೆಂಡರ್ ಕೈಗೆತ್ತಿಕೊಂಡರು. ಪಾಲುದಾರರ ಅಧಿಕಾರಪತ್ರ ನನ್ನ ಹೆಸರಿನಲ್ಲಿದ್ದು ಡಿಜಿಟಲ್ ಸಹಿಯ ಟೋಕನ್, ಅಂದರೆ ಸಹಿ ಅಡಗಿರುವ ಪೆನ್‌ಡ್ರೈವಿನಂಥ ಸಾಧನ, ತಮ್ಮನ ಹೆಸರಿನಲ್ಲಿ ಇದ್ದದ್ದು ಸಿಕ್ಕಿಬಿತ್ತು. ಬಳಿಕ ಮಾದರಿಯೆಂದು ತಂದಿದ್ದ ಎ4 ಬಿಡಿ ಹಾಳೆಗಳ ಕಟ್ಟಿನಿಂದ ಹದಿನಾರನ್ನು ಎಣಿಸಿ ತೆಗೆದು ಅಂಚೆ ತೂಗುವ ಸಣ್ಣ ತಕ್ಕಡಿಯ ಮೇಲಿಟ್ಟರು. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಟೆಂಡರ್ ಕೇಳಿದ್ದು 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಕದ ಕಾಗದ; ತಕ್ಕಡಿ 80 ಗ್ರಾಂ ತೋರಿಸಬೇಕು. ಮುಳ್ಳು 70ರ ಹತ್ತಿರ ನಿಂತಿತು. ಗೋದಾಮಿನ ಹುಡುಗ ಎಂದಿನ ಕಟ್ಟಿನಿಂದ ಹಾಳೆ ತೆಗೆದುಕೊಟ್ಟಿದ್ದ, ನಾನು ನೋಡಿರಲಿಲ್ಲ. ಹುಟ್ಟಿದಾಗಿನಿಂದ ಕಾಗದದ ವಾಸನೆಯಲ್ಲೇ ಬೆಳೆದವನಿಗೆ ಜೆರಾಕ್ಸ್ ಅಂಗಡಿಯವರು ಕಾಗದ ತೂಗಿ ತೋರಿಸಿದರು! ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿ ಮಾದರಿ ಬದಲಿಸಲು ಹೇಳಿದೆ.

ದೂರುಗಳೂ ಇವೆ. ಒಂದು ಟೆಂಡರ್ ಓದಿ ಹೇಳುವುದಕ್ಕೆ 2,500 ರೂಪಾಯಿ. ಪೋರ್ಟಲಿಗೆ ಏರಿಸುವುದಕ್ಕೆ, ಸ್ಕ್ಯಾನಿಗೆ ಬೇರೆ. ಸಣ್ಣವರಿಗೆ ಇದು ಭಾರ. ಬಿಲ್ಲು ಕೇಳದಿದ್ದರೆ ಕೊಡುವುದಿಲ್ಲ, ಕೇಳಿದರೆ ಮುಖ ಸಣ್ಣದು ಮಾಡುತ್ತಾರೆ. ಕುರ್ಚಿ ಎರಡೇ, ಮೆಟ್ಟಿಲ ಮೇಲೆ ಕಾಯಬೇಕು. ಸ್ಕ್ಯಾನ್ ಮಾಡುವ ಹುಡುಗ ನನ್ನ ಜಿಎಸ್‌ಟಿ ಪತ್ರವನ್ನು ಅಡ್ಡಲಾಗಿ ಏರಿಸಿದ್ದ. ನಾನೇ ಕಂಡು ಹೇಳಿದ್ದಕ್ಕೆ ಸರಿಯಾಯಿತು. ಅವರು ಎತ್ತದ ಇನ್ನೊಂದು ವಿಷಯವಿದೆ. ಷರತ್ತುಗಳನ್ನೇ ಒಬ್ಬರ ಮೈ ಅಳತೆಗೆ ಹೊಲಿದಿದ್ದರೆ ಏನು ಮಾಡುವುದು? ಕೇಳಿದ್ದಕ್ಕೆ, "ಟೆಂಡರ್ ಪೂರ್ವ ಸಭೆಗೆ ಹೋಗಿ ಲಿಖಿತವಾಗಿ ಕೇಳಿರಿ" ಎಂದು ಹೇಳಿ ಕಂಪ್ಯೂಟರಿನತ್ತ ತಿರುಗಿದರು. ಉತ್ತರ ಸರಿಯೇ, ಸಮಾಧಾನವಾಗಲಿಲ್ಲ.

ಈ ಸಲ ನನ್ನ ಮೊದಲ ಲಕೋಟೆ ದಾಟಿತು. ದರ ತೆರೆದಾಗ ಎರಡನೆಯವನಾಗಿದ್ದೆ. ರಜಿಸ್ಟರ್ ಒಂದಕ್ಕೆ ಮೂರು ರೂಪಾಯಿ ಹೆಚ್ಚು. ಕೆಲಸ ಸಿಗಲಿಲ್ಲ. ಆದರೂ ಆ ದಿನ ಮನೆಗೆ ಬರುವಾಗ ಪೇಡೆ ತಂದೆ. ಹೆಂಡತಿಗೆ ಇದು ಇನ್ನೂ ಅರ್ಥವಾಗಿಲ್ಲ.

ಹೋಗುವವರು ಕಡೆಯ ದಿನಾಂಕಕ್ಕೆ ಕನಿಷ್ಠ ಒಂದು ವಾರ ಮೊದಲೇ ಹೋಗಿರಿ. ಕೊನೆಯ ಸಂಜೆ ಓಡಿ ಬಂದ ಗುತ್ತಿಗೆದಾರರೊಬ್ಬರನ್ನು ಅವರು ಬಾಗಿಲಲ್ಲೇ ನಿಲ್ಲಿಸಿ, ಮುಂದಿನ ಟೆಂಡರಿಗೆ ಬನ್ನಿರಿ ಎಂದು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಹಳೆಯ ಫೈಲುಗಳನ್ನು ಮರೆಯದೆ ಒಯ್ಯಿರಿ.