ಯುನೈಟೆಡ್ ಅಭಿಮಾನಿಯ ಕಣ್ಣಲ್ಲಿ ಆನ್‌ಫೀಲ್ಡ್ ಪ್ರವಾಸ

ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಯೊಬ್ಬ ಕೈಯಿಂದ ದುಡ್ಡು ಹಾಕಿ, ಕಡು ಎದುರಾಳಿಯಾದ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣ ಆನ್‌ಫೀಲ್ಡ್ ನೋಡಲು ಹೋಗಬಹುದೇ? ಹೋಗಲೇಬೇಕು. ಇಂಗ್ಲೆಂಡಿಗೆ ಹೋದ ಯುನೈಟೆಡ್ ಅಭಿಮಾನಿಗೆ ತನ್ನ ಕ್ಲಬ್ಬಿನ ತವರು ಮೈದಾನ ಓಲ್ಡ್ ಟ್ರಾಫರ್ಡ್ ಆದಮೇಲೆ ನೋಡಬೇಕಾದ ಎರಡನೇ ಜಾಗ ಆನ್‌ಫೀಲ್ಡ್. ಅಲ್ಲಿ ಅವನ ಕ್ಲಬ್ಬಿನ ಕಥೆಯೂ ಹೆಜ್ಜೆಹೆಜ್ಜೆಗೆ ಸಿಗುತ್ತದೆ. ತೊಡಕು ಒಂದೇ: ಕಿವಿಗೆ ಹಾಕಿಕೊಳ್ಳುವ ಧ್ವನಿಮಾರ್ಗದರ್ಶಿ ಲಿವರ್‌ಪೂಲ್ ಅಭಿಮಾನಿಗೆಂದೇ ಮಾಡಿದ್ದು. ನಮಗೆ ಬೇಕಾದದ್ದನ್ನು ನಾವೇ ಓದಿಕೊಂಡು ಹೋಗಬೇಕು.

ಮೊದಲು ದಿನ ಆರಿಸುವ ವಿಚಾರ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ತವರಿನ ಪಂದ್ಯವಿರುವ ದಿನ ಡ್ರೆಸಿಂಗ್ ರೂಮ್, ಸುರಂಗ ಎಲ್ಲ ಸೇರಿದ ಮಾಮೂಲಿ ಪ್ರವಾಸ ನಡೆಯುವುದಿಲ್ಲ. ಪ್ರೀಮಿಯರ್ ಲೀಗಿನ ವೇಳಾಪಟ್ಟಿಯಲ್ಲಿ ಶನಿವಾರ ಎಂದಿರುವ ಪಂದ್ಯ ಟಿವಿ ಪ್ರಸಾರಕ್ಕಾಗಿ ಭಾನುವಾರಕ್ಕೋ ಸೋಮವಾರಕ್ಕೋ ಜಿಗಿಯುವುದು ಸಾಮಾನ್ಯ. ಆದ್ದರಿಂದ ಟಿವಿ ದಿನಾಂಕಗಳು ಖಚಿತವಾದ ಮೇಲೆ ಟಿಕೆಟ್ ತೆಗೆದುಕೊಳ್ಳಿ. ಯುರೋಪಿನ ದೊಡ್ಡ ಕ್ಲಬ್ಬುಗಳ ಕೂಟವಾದ ಚಾಂಪಿಯನ್ಸ್ ಲೀಗ್ ಪಂದ್ಯಗಳು ಬರುವ ಮಂಗಳವಾರ, ಬುಧವಾರಗಳನ್ನು ಬಿಟ್ಟು ಗುರುವಾರವನ್ನೋ ಶುಕ್ರವಾರವನ್ನೋ ನೋಡಿ, ಬೆಳಗಿನ ಮೊದಲ ಹೊತ್ತನ್ನೇ ಆರಿಸಿ. ಟಿಕೆಟ್‌ನಲ್ಲಿ ವಸ್ತುಸಂಗ್ರಹಾಲಯವೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕ್ರೀಡಾಂಗಣಕ್ಕೆ ಒಂದು ಗಂಟೆ, ಸಂಗ್ರಹಾಲಯಕ್ಕೆ ಮುಕ್ಕಾಲು ಗಂಟೆ, ಹೊರಗಿನ ಸ್ಮಾರಕ ಮತ್ತು ಪ್ರತಿಮೆಗಳಿಗೆ ಅರ್ಧ ಗಂಟೆ ಇಟ್ಟುಕೊಂಡರೆ ಓಡಾಟ ನಿರಾಳ.

ಮ್ಯಾಂಚೆಸ್ಟರ್‌ನಿಂದ ಲಿವರ್‌ಪೂಲ್‌ನ ಲೈಮ್ ಸ್ಟ್ರೀಟ್ ನಿಲ್ದಾಣಕ್ಕೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಈ ಎರಡು ಊರುಗಳ ನಡುವೆ ರೈಲು ಶುರುವಾದದ್ದು 1830ರ ಸೆಪ್ಟೆಂಬರ್ 15ರಂದು. ಅವುಗಳ ನಡುವಿನ ಹಗೆಯ ಬೇರು ಇರುವುದು 1894ರಲ್ಲಿ ತೆರೆದ ಮ್ಯಾಂಚೆಸ್ಟರ್ ಹಡಗು ಕಾಲುವೆಯಲ್ಲಿ. ಸರಕು ಲಿವರ್‌ಪೂಲ್ ಬಂದರನ್ನು ದಾಟಿ ನೇರವಾಗಿ ಮ್ಯಾಂಚೆಸ್ಟರ್‌ಗೆ ಹೋಗತೊಡಗಿತು. ಹೊಟ್ಟೆಪಾಡಿನ ಆ ಜಗಳ ಚೆಂಡಾಟಕ್ಕೂ ಅಂಟಿಕೊಂಡಿತು. ಲೈಮ್ ಸ್ಟ್ರೀಟಿನಿಂದ ಆನ್‌ಫೀಲ್ಡ್ ಸುಮಾರು 3 ಕಿಲೋಮೀಟರ್, ಸಣ್ಣ ಏರುದಾರಿ. ಹತ್ತಿರದ ಕ್ವೀನ್ ಸ್ಕ್ವೇರ್ ಬಸ್ ನಿಲ್ದಾಣದಿಂದ 17ನೇ ನಂಬರಿನ ಬಸ್ ಅನುಕೂಲ. ಮೈಮೇಲೆ ಯುನೈಟೆಡ್ ಜರ್ಸಿ ಬೇಡ. ಅದು ಹೆದರಿಕೆಯ ಮಾತಲ್ಲ, ಮನೆಗೆ ಬಂದ ಅತಿಥಿಯ ಮರ್ಯಾದೆ.

ಪ್ರವಾಸ ಮೇನ್ ಸ್ಟ್ಯಾಂಡಿನ ತುದಿಯಿಂದ ಕೆಳಗಿಳಿಯುತ್ತದೆ. 2016ರಲ್ಲಿ ಈ ಸ್ಟ್ಯಾಂಡನ್ನು ಎತ್ತರಿಸಿದರು. ಆಮೇಲೆ ಆನ್‌ಫೀಲ್ಡ್ ರೋಡ್ ಸ್ಟ್ಯಾಂಡೂ ಬೆಳೆದು ಒಟ್ಟು ಆಸನಗಳು 61,000 ದಾಟಿದವು. ಮೇಲೆ ನಿಂತು ಸ್ಟ್ಯಾನ್ಲಿ ಪಾರ್ಕಿನ ಆಚೆ ಕಣ್ಣಾಡಿಸಿ: ಅದೇ ಊರಿನ ಇನ್ನೊಂದು ತಂಡವಾದ ಎವರ್ಟನ್‌ನ ಹಳೆಯ ಮನೆ ಗುಡಿಸನ್ ಪಾರ್ಕ್ ಆ ಕಡೆಗಿದೆ. 1884ರಲ್ಲಿ ಆನ್‌ಫೀಲ್ಡ್ ಶುರುವಾದಾಗ ಇಲ್ಲಿ ಆಡುತ್ತಿದ್ದದ್ದು ಎವರ್ಟನ್ನೇ. ಬಾಡಿಗೆಯ ಜಗಳ ಬಂದು 1892ರಲ್ಲಿ ಅವರು ಹೊರನಡೆದರು. ಖಾಲಿ ಮೈದಾನ ಕೈಯಲ್ಲಿ ಹಿಡಿದು ಕೂತ ಜಾನ್ ಹೌಲ್ಡಿಂಗ್ ಹೊಸದೊಂದು ತಂಡ ಕಟ್ಟಿದರು, ಅದೇ ಲಿವರ್‌ಪೂಲ್. ಮೈದಾನದ ಅಳತೆಯನ್ನೂ ಗಮನಿಸಿ. ಓಲ್ಡ್ ಟ್ರಾಫರ್ಡ್ 105 ಮೀಟರ್ ಉದ್ದ, ಆನ್‌ಫೀಲ್ಡ್ 101, ಅಗಲ ಎರಡೂ ಕಡೆ 68. ಚೆಂಡು ಕಳೆದುಕೊಂಡ ಕೂಡಲೇ ಮುಗಿಬೀಳುವ ತಂಡಕ್ಕೆ ಆ ನಾಲ್ಕು ಮೀಟರ್ ಕೊರತೆಯೇ ಲಾಭ.

ಡ್ರೆಸಿಂಗ್ ರೂಮಿನಲ್ಲಿ ಎಲ್ಲರೂ ತಮ್ಮಿಷ್ಟದ ಆಟಗಾರನ ಜರ್ಸಿ ಹುಡುಕುತ್ತಾರೆ. ಯುನೈಟೆಡ್ ಅಭಿಮಾನಿ ಇಲ್ಲಿ ನೆನೆಯಬೇಕಾದ ಹೆಸರು ಮ್ಯಾಟ್ ಬಸ್ಬಿ. ಯುನೈಟೆಡ್ಡನ್ನು ಕಟ್ಟಿ ಬೆಳೆಸಿದ ಬಸ್ಬಿ 1936ರಿಂದ ಎರಡನೇ ಮಹಾಯುದ್ಧ ಶುರುವಾಗುವವರೆಗೆ ಲಿವರ್‌ಪೂಲ್ ಪರ 100ಕ್ಕೂ ಹೆಚ್ಚು ಪಂದ್ಯ ಆಡಿದವರು, ತಂಡದ ನಾಯಕರೂ ಆಗಿದ್ದವರು. ಯುದ್ಧದ ಕೊನೆಯಲ್ಲಿ ಲಿವರ್‌ಪೂಲ್ ಅವರಿಗೆ ಸಹಾಯಕ ತರಬೇತುದಾರನ ಕೆಲಸ ಕೊಡಲು ಮುಂದಾಗಿತ್ತು. ಅವರು 1945ರಲ್ಲಿ ಯುನೈಟೆಡ್ ಆರಿಸಿಕೊಂಡರು. ಅವರ ಕಾಲದ ಕೋಣೆ ಈಗಿಲ್ಲ, ಮೈದಾನ ಅದೇ. ಹೊರಗೆ ಕಾಪ್ ಸ್ಟ್ಯಾಂಡಿನ (ಗೋಲಿನ ಹಿಂದೆ ತವರಿನ ಕಟ್ಟಾ ಅಭಿಮಾನಿಗಳು ಸೇರುವ ಸ್ಟ್ಯಾಂಡ್) ಬಳಿ ನಿಂತಿರುವ, ಲಿವರ್‌ಪೂಲನ್ನು ಬೆಳೆಸಿದ ತರಬೇತುದಾರ ಬಿಲ್ ಶ್ಯಾಂಕ್ಲಿಯ ಪ್ರತಿಮೆ ನೋಡುವಾಗ ಇನ್ನೊಂದನ್ನು ಸೇರಿಸಿಕೊಳ್ಳಿ: ಇಬ್ಬರೂ ಸ್ಕಾಟ್ಲೆಂಡಿನ ಗಣಿಗಾರರ ಊರುಗಳ ಹುಡುಗರು, ಬಸ್ಬಿ ಲ್ಯಾನಾರ್ಕ್‌ಷೈರಿನ ಬೆಲ್ಸ್‌ಹಿಲ್ ಕಡೆಯವರು, ಶ್ಯಾಂಕ್ಲಿ ಏರ್‌ಷೈರಿನ ಗ್ಲೆನ್‌ಬಕ್‌ನವರು. ಎರಡು ಕ್ಲಬ್ಬುಗಳ ಆಧುನಿಕ ಚರಿತ್ರೆ ಒಂದೇ ಬಗೆಯ ಮಣ್ಣಿನಿಂದ ಎದ್ದು ಬಂದದ್ದು.

ಸುರಂಗದಲ್ಲಿ ತಲೆಯ ಮೇಲೆ ತೂಗುವ ‘ಇದು ಆನ್‌ಫೀಲ್ಡ್’ ಫಲಕದ ಕೆಳಗೆ ಫೋಟೋಗೆ ಜನ ಸಾಲುಗಟ್ಟುತ್ತಾರೆ. ಟ್ರೋಫಿ ಗೆಲ್ಲುವ ತನಕ ಅದನ್ನು ಮುಟ್ಟಕೂಡದು ಎಂದು ಲಿವರ್‌ಪೂಲ್‌ನ ಹಿಂದಿನ ತರಬೇತುದಾರ ಯೂರ್ಗನ್ ಕ್ಲಾಪ್ ತಮ್ಮ ಆಟಗಾರರಿಗೇ ಹೇಳಿದ್ದರು. ನೀವೂ ಮುಟ್ಟದೆ ಮುಂದೆ ನಡೆಯಿರಿ. ಸಮಯ ಉಳಿಸಿಕೊಂಡು ಖರ್ಚು ಮಾಡಬೇಕಾದ್ದು ಮೈದಾನದಂಚಿನಲ್ಲಿ.

ಅಲ್ಲಿ ಹುಲ್ಲು ತುಳಿಯುವಂತಿಲ್ಲ, ಕಾಪ್ ಕಡೆಗೆ ಮುಖ ಮಾಡಿ ನಿಂತರೆ ಸಾಕು. ಗದ್ದಲ ಮಾಡಿದ ಪ್ರೇಕ್ಷಕರಿಂದಾಗಿ ಓಲ್ಡ್ ಟ್ರಾಫರ್ಡ್ ಮುಚ್ಚಿಸಿದಾಗ, 1971ರ ಆಗಸ್ಟ್ 20ರಂದು ಯುನೈಟೆಡ್ ತನ್ನ ‘ತವರು’ ಪಂದ್ಯವನ್ನು ಆಡಿದ್ದು ಇದೇ ಆನ್‌ಫೀಲ್ಡ್‌ನಲ್ಲಿ. ಆರ್ಸೆನಲ್ ವಿರುದ್ಧ 3–1ರಿಂದ ಗೆದ್ದಿತು. ಯುನೈಟೆಡ್ ಚರಿತ್ರೆಯ ಒಂದು ತವರು ಗೆಲುವು ಲಿವರ್‌ಪೂಲ್ ಹುಲ್ಲಿನ ಮೇಲಿದೆ. 2022ರ ಏಪ್ರಿಲ್ 19ರಂದು ಇಲ್ಲಿ ನಡೆದದ್ದನ್ನಂತೂ ಯುನೈಟೆಡ್ ಅಭಿಮಾನಿ ಮರೆಯಬಾರದು. ಆಗ ಯುನೈಟೆಡ್‌ನಲ್ಲಿದ್ದ ಕ್ರಿಸ್ಟಿಯಾನೊ ರೊನಾಲ್ಡೊ ಹಸುಗೂಸನ್ನು ಕಳೆದುಕೊಂಡು ಪಂದ್ಯಕ್ಕೆ ಬಂದಿರಲಿಲ್ಲ. ಅವರ ಜರ್ಸಿಯ ನಂಬರಾದ ಏಳನೇ ನಿಮಿಷದಲ್ಲಿ ಇಡೀ ಆನ್‌ಫೀಲ್ಡ್ ಎದ್ದು ನಿಂತು ಒಂದು ನಿಮಿಷ ಚಪ್ಪಾಳೆ ತಟ್ಟಿತು, ತನ್ನದೇ ಹಾಡಾದ ‘ಯು ವಿಲ್ ನೆವರ್ ವಾಕ್ ಅಲೋನ್’ ಅನ್ನು ಅವರಿಗಾಗಿ ಹಾಡಿತು. ಆ ರಾತ್ರಿ ಯುನೈಟೆಡ್ 4–0ರಿಂದ ಸೋತಿತು. ನೆನಪಿಡಬೇಕಾದ ಸಂಖ್ಯೆ ಅದಲ್ಲ, ಏಳು.

ಕಾಪ್ ಕಟ್ಟಡದ ವಸ್ತುಸಂಗ್ರಹಾಲಯದಲ್ಲಿ ಆರು ಯುರೋಪಿಯನ್ ಕಪ್‌ಗಳು (ಈಗಿನ ಚಾಂಪಿಯನ್ಸ್ ಲೀಗ್ ಪ್ರಶಸ್ತಿ): 1977, 1978, 1981, 1984, 2005, 2019. 2005ರ ಕಪ್ ಮುಂದೆ ಹೆಚ್ಚು ಹೊತ್ತು ನಿಲ್ಲಿ, ಅದು ಅಸಲಿ. ಐದು ಸಲ ಗೆದ್ದ ಕ್ಲಬ್ಬು ಅಸಲಿ ಕಪ್ಪನ್ನೇ ಇಟ್ಟುಕೊಳ್ಳಬಹುದೆಂಬ ನಿಯಮ ಆಗ ಇತ್ತು. ಇಸ್ತಾಂಬುಲ್‌ನ ಫೈನಲ್‌ನಲ್ಲಿ ಎಸಿ ಮಿಲಾನ್ ವಿರುದ್ಧ 0–3ರಿಂದ ಹಿಂದಿದ್ದ ತಂಡ ಆರು ನಿಮಿಷಗಳಲ್ಲಿ ಮೂರು ಗೋಲು ಹೊಡೆದು ಪೆನಾಲ್ಟಿಯಲ್ಲಿ ಗೆದ್ದಿತು. 1999ರಲ್ಲಿ ಬಾರ್ಸಿಲೋನಾದ ಫೈನಲ್‌ನಲ್ಲಿ ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು ಹೊಡೆದ ಯುನೈಟೆಡ್ಡನ್ನು ಪ್ರೀತಿಸುವವರಿಗೆ ಈ ಗೆಲುವಿನ ರುಚಿ ಗೊತ್ತಿರಬೇಕು.

ಯುರೋಪಿನಲ್ಲಿ ಲಿವರ್‌ಪೂಲ್ ಪರ ಕೂಗಲು ಲೆಕ್ಕದ ಕಾರಣವೂ ಇದೆ. ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಯುಯೆಫಾ ಪ್ರತಿ ಗೆಲುವಿಗೆ 2 ಅಂಕ, ಡ್ರಾಗೆ 1 ಅಂಕ ಕೊಟ್ಟು, ಬೋನಸ್ ಸೇರಿಸಿ, ದೇಶದಿಂದ ಆಡುತ್ತಿರುವ ಕ್ಲಬ್ಬುಗಳ ಸಂಖ್ಯೆಯಿಂದ ಭಾಗಿಸುತ್ತದೆ. ಏಳು ಕ್ಲಬ್ಬುಗಳಿದ್ದರೆ ಒಂದು ಗೆಲುವಿನಿಂದ ಇಂಗ್ಲೆಂಡಿನ ಖಾತೆಗೆ ಸುಮಾರು 0.286. ಋತುವಿನ ಕೊನೆಗೆ ಮೊದಲ ಎರಡು ಸ್ಥಾನದಲ್ಲಿರುವ ದೇಶಗಳಿಗೆ ಚಾಂಪಿಯನ್ಸ್ ಲೀಗಿನಲ್ಲಿ ಒಂದೊಂದು ಹೆಚ್ಚುವರಿ ಜಾಗ. 2024–25ರಲ್ಲಿ ಇಂಗ್ಲೆಂಡ್ ಹಾಗೆ ಗಳಿಸಿದ್ದರಿಂದಲೇ ಲೀಗಿನ ಐದನೇ ಸ್ಥಾನಕ್ಕೂ ಬಾಗಿಲು ತೆರೆಯಿತು. ಐದನೇ ಸ್ಥಾನಕ್ಕೆ ಹೋರಾಡುವ ವರ್ಷ ಯುನೈಟೆಡ್‌ಗೆ ಲಿವರ್‌ಪೂಲ್ ಗೆಲುವೂ ಬೇಕಾಗುತ್ತದೆ. ಲೀಗಿನ ಮಾತು ಬೇರೆ. ಇಬ್ಬರದೂ ತಲಾ 20 ಲೀಗ್ ಪ್ರಶಸ್ತಿ, ಅಲ್ಲಿ ಎದುರಾಳಿಗೆ ಕೈತಟ್ಟಲು ಯಾರನ್ನೂ ಕೇಳಲಾಗದು. 1964ರಲ್ಲಿ ಫಿಲ್ ಚಿಸ್ನಲ್ ಹೋದ ಮೇಲೆ ಈ ಎರಡು ಕ್ಲಬ್ಬುಗಳ ನಡುವೆ ಒಬ್ಬ ಆಟಗಾರನೂ ನೇರವಾಗಿ ಕೈಬದಲಾಗಿಲ್ಲ ಎಂದರೆ ಗೆರೆ ಎಷ್ಟು ಗಟ್ಟಿಯೆಂದು ತಿಳಿಯುತ್ತದೆ.

ಹಿಲ್ಸ್‌ಬರೋ ಸ್ಮಾರಕವನ್ನು ಕೊನೆಗೆ ಇಟ್ಟುಕೊಳ್ಳಿ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿಗೆ ಬಲಿಯಾದ 97 ಲಿವರ್‌ಪೂಲ್ ಅಭಿಮಾನಿಗಳ ಹೆಸರುಗಳು, ನಡುವೆ ಆರದ ಜ್ವಾಲೆ. 1958ರ ಫೆಬ್ರುವರಿ 6ರಂದು ಯುನೈಟೆಡ್ ತಂಡವಿದ್ದ ವಿಮಾನದ ಮ್ಯೂನಿಕ್ ದುರಂತದಲ್ಲಿ 23 ಜನ ಸತ್ತಾಗ ಯುನೈಟೆಡ್‌ಗೆ ಆಟಗಾರರನ್ನು ಕೊಡಲು ಮುಂದೆ ಬಂದ ಕ್ಲಬ್ಬುಗಳಲ್ಲಿ ಲಿವರ್‌ಪೂಲ್ ಒಂದು. ಈ ಸಾವುಗಳನ್ನೇ ಅಣಕವಾಗಿಸಿ ಕೂಗುವವರು ಎರಡೂ ಕಡೆ ಇದ್ದಾರೆ. ಅದನ್ನು ನಿಲ್ಲಿಸಿ ಎಂದು 2023ರ ಮಾರ್ಚ್‌ನಲ್ಲಿ ಕ್ಲಾಪ್ ಮತ್ತು ಆಗಿನ ಯುನೈಟೆಡ್ ತರಬೇತುದಾರ ಎರಿಕ್ ಟೆನ್ ಹಾಗ್ ಒಟ್ಟಾಗಿ ಕೇಳಿಕೊಂಡರು. ಸ್ಮಾರಕ ಮೇನ್ ಸ್ಟ್ಯಾಂಡಿನ ಹೊರಗೋಡೆಯ ಬಳಿಯೇ ಇದೆ, ಟಿಕೆಟ್ ಬೇಡ. ಜನ ಹೂವು, ಸ್ಕಾರ್ಫ್ ಇಟ್ಟು ಹೋಗುತ್ತಾರೆ. ಬೇರೆ ಕ್ಲಬ್ಬುಗಳ ಸ್ಕಾರ್ಫ್‌ಗೂ ಅಲ್ಲಿ ಜಾಗವಿದೆ.