ಹ್ಯಾನಾ ಗ್ಯಾಡ್ಸ್‌ಬಿಯವರ ‘ನ್ಯಾನೆಟ್’: ನಗು ಬರುತ್ತಾ, ಇಲ್ವಾ?

ಮೊದಲೇ ಹೇಳಿಬಿಡುತ್ತೇನೆ, ಹ್ಯಾನಾ ಗ್ಯಾಡ್ಸ್‌ಬಿ ವೇದಿಕೆಯ ಮೇಲೆ ಒಬ್ಬರೇ ನಿಂತು ಮಾಡಿದ ಸ್ಟ್ಯಾಂಡ್‌ಅಪ್ ಕಾಮಿಡಿ ಶೋ ‘ನ್ಯಾನೆಟ್’ ನೋಡಿ ನನಗೆ ನಗು ಬಂತು. ಜೋರಾಗಿಯೇ ಬಂತು. ಜೊತೆಗೆ ಕೂತು ನೋಡಿದ ನನ್ನ ತಂಗಿ ಮೊದಲ ಅರ್ಧ ಗಂಟೆ ಚೆನ್ನಾಗಿ ನಕ್ಕಳು, ಆಮೇಲೆ ಒಂದು ಸಲವೂ ನಗಲಿಲ್ಲ. ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: ಇದನ್ನ ಕಾಮಿಡಿ ಅಂತ ಯಾಕೆ ಕರೀತಾರೆ?

2018ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗಿನಿಂದ ಸ್ಟ್ಯಾಂಡ್‌ಅಪ್ ಅಭಿಮಾನಿಗಳು ಇದೇ ಜಗಳ ಆಡುತ್ತಿದ್ದಾರೆ. ಒಂದು ಕಡೆಯವರಿಗೆ ಇದು ಮೈಕ್ ಹಿಡಿದು ಮಾಡಿದ ಭಾಷಣ. ಇನ್ನೊಂದು ಕಡೆಯವರಿಗೆ ಇಂಥದ್ದು ಹಿಂದೆ ಬಂದೇ ಇಲ್ಲ. ಇನ್ನೂ ವೇದಿಕೆಯ ಮೇಲಷ್ಟೇ ಇದ್ದಾಗ 2017ರಲ್ಲಿ ಎಡಿನ್‌ಬರೋದ ಕಾಮಿಡಿ ಪ್ರಶಸ್ತಿ, 2019ರಲ್ಲಿ ಬರವಣಿಗೆಗೆ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿ, ಎರಡೂ ಇದಕ್ಕೆ ಸಿಕ್ಕಿವೆ. ಪ್ರಶಸ್ತಿ ಬಂತು ಅಂತ ಯಾರಿಗೂ ನಗು ಬರುವುದಿಲ್ಲ ಬಿಡಿ, ಹಾಗಾಗಿ ಅದನ್ನು ಪಕ್ಕಕ್ಕಿಡೋಣ.

ಗ್ಯಾಡ್ಸ್‌ಬಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ದ್ವೀಪದ ಒಂದು ಸಣ್ಣ ಊರಿನವರು. ಸಲಿಂಗಿ. ಗಂಡಸರ ನಡುವಿನ ಸಲಿಂಗ ಸಂಬಂಧ ಅಲ್ಲಿ 1997ರವರೆಗೂ ಅಪರಾಧವಾಗಿತ್ತು. ಅಂಥ ಊರಲ್ಲಿ ಬೆಳೆದದ್ದನ್ನೇ ಅವರು ವರ್ಷಗಟ್ಟಲೆ ವೇದಿಕೆಯ ಮೇಲೆ ಜೋಕ್ ಮಾಡಿದರು. ಸಿಡ್ನಿ ಆಪೆರಾ ಹೌಸ್‌ನಲ್ಲಿ ಚಿತ್ರೀಕರಿಸಿದ ಈ 69 ನಿಮಿಷದಲ್ಲಿ ಅವರು ಹೇಳುವುದು ಇಷ್ಟು: ನನ್ನನ್ನು ನಾನೇ ಹಂಗಿಸಿಕೊಂಡು ನಿಮ್ಮನ್ನು ನಗಿಸಿದ್ದು ಸಾಕು, ಇನ್ನು ಕಾಮಿಡಿ ಬಿಡುತ್ತೇನೆ.

ಇನ್ನು ಮುಂದೆ ಕಥೆ ಬಿಟ್ಟುಕೊಡುತ್ತೇನೆ. ನೋಡದೇ ಇರುವವರು ಮೊದಲು ನೋಡಿ ಬನ್ನಿ.

ಶುರುವಿನಲ್ಲೇ ಒಂದು ಬಸ್ ಸ್ಟಾಪ್ ಕಥೆ ಬರುತ್ತದೆ. ರಾತ್ರಿ ಹೊತ್ತು, ಒಬ್ಬ ಇವರನ್ನು ಗಂಡಸು ಅಂದುಕೊಂಡು, ನನ್ನ ಹುಡುಗಿಗೆ ಲೈನ್ ಹೊಡೀತೀಯಾ ಅಂತ ಹೊಡೆಯೋಕೆ ಬರುತ್ತಾನೆ. ಹೆಣ್ಣು ಅಂತ ಗೊತ್ತಾದ ಕೂಡಲೇ, ಅಯ್ಯೋ, ನಾನು ಹೆಂಗಸರಿಗೆ ಹೊಡೆಯಲ್ಲ ಅಂತ ಹಿಂದೆ ಸರಿಯುತ್ತಾನೆ. ಸಭೆ ಬಿದ್ದು ಬಿದ್ದು ನಗುತ್ತದೆ. ನಾವಿಬ್ಬರೂ ನಕ್ಕೆವು. ಆಮೇಲೆ ನಡುವೆ ಎಲ್ಲೋ ಅವರು ಜೋಕ್ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳುತ್ತಾರೆ: ಮೊದಲು ಕೇಳುವವರ ಎದೆಯಲ್ಲಿ ಬಿಗಿ ಹುಟ್ಟಿಸಬೇಕು, ಆಮೇಲೆ ಅದನ್ನು ಸಡಿಲಿಸಬೇಕು, ಆ ಸಡಿಲವೇ ನಗು. ಕಥೆಗಾದರೆ ಆದಿ, ನಡು, ಕೊನೆ ಮೂರೂ ಬೇಕು. ಜೋಕ್‌ಗೆ ಎರಡೇ ಸಾಕು. ನಗು ಬರಲಿ ಅಂತ ಕೊನೆಯನ್ನು ಕತ್ತರಿಸಿಬಿಡುತ್ತೇವೆ. ಇದೆಲ್ಲ ಹೇಳಿ ಎಷ್ಟೋ ಹೊತ್ತಾದ ಮೇಲೆ ಬಸ್ ಸ್ಟಾಪ್ ಕಥೆ ಮತ್ತೆ ಬರುತ್ತದೆ. ಈ ಸಲ ಕೊನೆಯ ಸಮೇತ. ಇವರು ಸಲಿಂಗಿ ಅಂತ ಅರ್ಥವಾಗಿ ಅವನು ವಾಪಸ್ ಬಂದಿದ್ದ. ಹೊಡೆದಿದ್ದ. ಯಾರೂ ತಡೆಯಲಿಲ್ಲ. ಇವರು ಪೊಲೀಸರ ಹತ್ತಿರವೂ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಆಪೆರಾ ಹೌಸ್‌ನಲ್ಲಿ ಸದ್ದೇ ಇಲ್ಲ.

ಇದು ಕಾಮಿಡಿ ಅಲ್ಲ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಮೊದಲು ಆ ನಗು ಬರದಿದ್ದರೆ ಆ ಮೌನ ಹುಟ್ಟುತ್ತಲೇ ಇರಲಿಲ್ಲ. ಭಾಷಣಕಾರನಿಗೆ ಇದು ಆಗದ ಮಾತು. ಯಾವಾಗ ಬಿಗಿ ಮಾಡಬೇಕು, ಯಾವಾಗ ಬಿಡಬೇಕು ಅನ್ನುವ ಲೆಕ್ಕ ರಕ್ತದಲ್ಲೇ ಇರುವವರು ಮಾತ್ರ ಬೇಕೆಂದೇ ಬಿಡದೆ ಹಿಡಿಯಬಲ್ಲರು. ನಗಿಸುತ್ತಾ ನಗಿಸುತ್ತಾ ಸಭೆಗೇ ತಿರುಗಿ ಚಾಟಿ ಬೀಸುವುದು ನಮಗೇನೂ ಹೊಸದಲ್ಲ, ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅದನ್ನೇ ಮಾಡುತ್ತಿದ್ದರಲ್ವಾ? ಅದು ನಾಟಕವಲ್ಲ, ಭಾಷಣ ಅಂತ ಯಾರೂ ಎದ್ದು ಹೋಗಲಿಲ್ಲ. ಒಂದು ವ್ಯತ್ಯಾಸ ಇದೆ, ನಿಜ. ಹಿರಣ್ಣಯ್ಯನವರು ಬೈದ ಮೇಲೆ ಮತ್ತೆ ನಗಿಸುತ್ತಿದ್ದರು. ಗ್ಯಾಡ್ಸ್‌ಬಿ ಆ ಬಿಗಿಯನ್ನು ನಮ್ಮ ಕೈಗೇ ಕೊಟ್ಟು ಹೋಗುತ್ತಾರೆ. ತಂಗಿಗೆ ಸಿಟ್ಟು ಬಂದದ್ದು ಅದಕ್ಕೇ.

ಕೊರತೆ ಇಲ್ಲವೇ? ಇದೆ. ಅವರು ಕಲಾ ಇತಿಹಾಸ ಓದಿದವರು, ಚಿತ್ರಕಾರ ಪಿಕಾಸೋ ಮೇಲಿನ ಅವರ ಸಿಟ್ಟು ನನಗೆ ಪೂರ್ತಿ ಒಪ್ಪಿಗೆ. 45 ವರ್ಷದ ಪಿಕಾಸೋಗೆ 17ರ ಹುಡುಗಿಯ ಜೊತೆ ಸಂಬಂಧ ಅನ್ನುವುದನ್ನು ಎಷ್ಟು ದಿನ ಸುಮ್ನೆ ನೋಡಿಕೊಂಡಿರುವುದು? ಆದರೆ ಇನ್ನೊಬ್ಬ ಚಿತ್ರಕಾರ ವ್ಯಾನ್ ಗೋ ಭಾಗದಲ್ಲಿ ಎಡವುತ್ತಾರೆ. ಅವನು ತೆಗೆದುಕೊಂಡ ಔಷಧಿಯಿಂದಲೇ ಹಳದಿ ಬಣ್ಣ ಜಾಸ್ತಿ ಕಂಡಿರಬಹುದು, ಸೂರ್ಯಕಾಂತಿ ಚಿತ್ರಗಳು ಬಂದದ್ದು ಅದರಿಂದಲೇ ಇರಬಹುದು ಅನ್ನುತ್ತಾರೆ. ಅದಕ್ಕೆ ತೋರಿಸುವ ಆಧಾರ, ಆ ಔಷಧಿ ತಯಾರಾಗುವ ಫಾಕ್ಸ್‌ಗ್ಲವ್ ಗಿಡದ ಹೂವು ಕೈಯ ಹತ್ತಿರ ಇರುವಂತೆ ವ್ಯಾನ್ ಗೋ ಬರೆದ ತನ್ನ ವೈದ್ಯನ ಚಿತ್ರ. ಆ ಡಾಕ್ಟರ್ ಗಾಶೆ ಚಿತ್ರ 1890ರದ್ದು. ಹೂದಾನಿಯ ಸೂರ್ಯಕಾಂತಿಗಳನ್ನು ವ್ಯಾನ್ ಗೋ 1888ರಲ್ಲೇ ಶುರು ಮಾಡಿದ್ದ. ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳಿ, ಕಲೆಗೋಸ್ಕರ ನರಳಬೇಡಿ ಅನ್ನುವ ಅವರ ಮಾತು ಬಹಳ ದೊಡ್ಡದು. ಅದಕ್ಕೆ ಇಂಥ ಸಡಿಲ ಆಧಾರ ಬೇಕಿರಲಿಲ್ಲ.

ಕಾಮಿಡಿ ಬಿಡುತ್ತೇನೆ ಅಂದವರು 2020ರಲ್ಲಿ ‘ಡಗ್ಲಸ್’ ಅನ್ನುವ ಇನ್ನೊಂದು ಶೋ ತಂದರು. ನನಗಂತೂ ಖುಷಿಯೇ ಆಯಿತು. ಡಗ್ಲಸ್ ಅವರ ನಾಯಿಯ ಹೆಸರು. ಅದರಲ್ಲಿ ಹಳೆಯ ವರ್ಣಚಿತ್ರಗಳ ಸ್ಲೈಡ್ ಹಾಕಿ ಒಂದು ಪಾಠ ಮಾಡುತ್ತಾರೆ, ಹೊಟ್ಟೆ ಹಿಡಿದುಕೊಂಡು ನಗಬೇಕು. ಇವರಿಗೆ ನಗಿಸೋಕೇ ಬರಲ್ಲ ಅನ್ನುವವರು ಇದನ್ನು ಮೊದಲು ನೋಡಲಿ.

‘ನ್ಯಾನೆಟ್’ ನೋಡುವವರಿಗೆ ಎರಡು ಮಾತು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಅವರ ಉಚ್ಚಾರ ಕಿವಿಗೆ ಕೂರಲು ಸ್ವಲ್ಪ ಹೊತ್ತು ಬೇಕು. ಲೈಂಗಿಕ ದೌರ್ಜನ್ಯದ ಮಾತು ಬರುತ್ತದೆ, ಹಾಗಾಗಿ ಮಕ್ಕಳ ಜೊತೆ ಬೇಡ, ಮನಸ್ಸು ಭಾರವಾಗಿರುವ ದಿನವೂ ಬೇಡ.

ತಂಗಿ ‘ಡಗ್ಲಸ್’ ನೋಡಿ ತುಂಬ ನಕ್ಕಳು. ‘ನ್ಯಾನೆಟ್’ ಕಾಮಿಡಿ ಅಲ್ಲ ಅಂತ ಈಗಲೂ ಅನ್ನುತ್ತಾಳೆ. ಆದರೆ ಮೊನ್ನೆ ಊಟಕ್ಕೆ ಕೂತಾಗ ತಾನಾಗಿಯೇ ಆ ಬಸ್ ಸ್ಟಾಪ್ ವಿಷಯ ತೆಗೆದಳು. ಮೊದಲ ಸಲ ತಾನು ಯಾಕೆ ಅಷ್ಟು ನಕ್ಕದ್ದು ಅಂತ ಕೇಳಿದಳು.