ಬಿಪಿ, ಸಕ್ಕರೆ ಕಾಯಿಲೆಗೆ ಜೆನೆರಿಕ್ ಮಾತ್ರೆ: ಕೆಲವು ವರ್ಷಗಳ ಬಳಕೆಯ ನಂತರ

ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ 500 ಮಿಲಿಗ್ರಾಂ (ಎಸ್‌ಆರ್ ಎಂದರೆ ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ), ಇವೆರಡನ್ನೂ ವೈದ್ಯರನ್ನು ಕೇಳಿಯೇ ಕೆಲವು ವರ್ಷಗಳಿಂದ ಸರ್ಕಾರಿ ಯೋಜನೆಯ ಜನೌಷಧಿ ಕೇಂದ್ರದಿಂದ ಜೆನೆರಿಕ್ ರೂಪದಲ್ಲಿ, ಅಂದರೆ ಮೂಲ ಔಷಧದ್ದೇ ಸತ್ವವಿರುವ, ಬೇರೆ ತಯಾರಕರ ಮಾತ್ರೆಯಾಗಿ ತರುತ್ತಿದ್ದೇನೆ. ಹೆಸರಾಂತ ಕಂಪನಿಯ ಮಾತ್ರೆ ನುಂಗುತ್ತಿದ್ದಾಗ ಇದ್ದ ಬಿಪಿಗೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಫಲಿತಾಂಶಕ್ಕೂ ಈಗಿನದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ; ಖರ್ಚು ಮಾತ್ರ ಅರ್ಧಕ್ಕಿಂತ ಕೆಳಗಿಳಿದಿದೆ.

ಅಗ್ಗದ ಮಾತ್ರೆಯ ಗುಣಮಟ್ಟದ ಬಗೆಗಿನ ಅನುಮಾನ ಆಧಾರವಿಲ್ಲದ್ದೇನೂ ಅಲ್ಲ. ಮೂಲ ಔಷಧದಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆಯೇ ಎಂದು ನೋಡುವ ಜೈವಿಕ ಸಮಾನತೆಯ ಪರೀಕ್ಷೆಯಿಲ್ಲದೆಯೇ, ಮಾರುಕಟ್ಟೆಗೆ ಬಂದು ನಾಲ್ಕು ವರ್ಷ ದಾಟಿದ ಔಷಧಗಳನ್ನು ತಯಾರಿಸಲು ನಮ್ಮ ದೇಶದಲ್ಲಿ ಬಹುಕಾಲ ಪರವಾನಗಿ ಸಿಗುತ್ತಿತ್ತು. ನೀರಿನಲ್ಲಿ ಸುಲಭವಾಗಿ ಕರಗದ, ಟೆಲ್ಮಿಸಾರ್ಟನ್‌ನಂಥ ಔಷಧಗಳಿಗೆ ಆ ಪರೀಕ್ಷೆ ಕಡ್ಡಾಯವಾದದ್ದು 2017ರಲ್ಲಿ. ಆದರೆ ನಾವು ‘ಕಂಪನಿ ಮಾತ್ರೆ’ ಎಂದು ನಂಬಿ ಕೊಳ್ಳುವವುಗಳಲ್ಲಿ ಹೆಚ್ಚಿನವೂ ಬ್ರ್ಯಾಂಡ್ ಹೆಸರು ಹೊತ್ತ ಜೆನೆರಿಕ್‌ಗಳೇ ಆಗಿರುವುದರಿಂದ, ಅದೇ ಅನುಮಾನ ಅವುಗಳಿಗೂ ಅನ್ವಯಿಸಬೇಕಲ್ಲವೇ? ದುಬಾರಿ ಬೆಲೆಯೊಂದೇ ಪ್ರಮಾಣಪತ್ರವಾಗಲಾರದು. ಜನೌಷಧಿಯ ಮಟ್ಟಿಗೆ, ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಮಾರಾಟಕ್ಕೆ ಬಿಡಬೇಕೆಂಬ ನಿಯಮವಿದೆ.

ಥೈರಾಯ್ಡ್ ಕೊರತೆಗೆ ತಾಯಿಯವರು ನುಂಗುವ ಥೈರಾಕ್ಸಿನ್ ಮಾತ್ರೆಯನ್ನು ಮಾತ್ರ ನಾನು ಬದಲಿಸಿಲ್ಲ. ಪ್ರಮಾಣ ತುಸು ಹೆಚ್ಚುಕಡಿಮೆಯಾದರೂ ಪರಿಣಾಮ ಏರುಪೇರಾಗುವ ಔಷಧವಿದು. ತಯಾರಕರು ಬದಲಾದರೆ ಆರರಿಂದ ಎಂಟು ವಾರಗಳಲ್ಲಿ, ಪ್ರಮಾಣ ಸರಿಯಿದೆಯೇ ಎಂದು ತೋರಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕಾಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಮೂತ್ರಪಿಂಡ ಕಸಿಯ ನಂತರದ ಟ್ಯಾಕ್ರೊಲಿಮಸ್ ಇವೂ ಇದೇ ಸಾಲಿನವು. ಇಲ್ಲಿ ಜೆನೆರಿಕ್ಕೋ ಬ್ರ್ಯಾಂಡೋ ಎಂಬುದಕ್ಕಿಂತ ಒಂದೇ ತಯಾರಕರ ಮಾತ್ರೆ ಸತತವಾಗಿ ಸಿಗುವುದು ಮುಖ್ಯ, ಮತ್ತು ಬದಲಾವಣೆ ವೈದ್ಯರ ಗಮನಕ್ಕೆ ಬಾರದೆ ಆಗಕೂಡದು.

ನನಗಾದ ತೊಂದರೆ ಗುಣಮಟ್ಟದ್ದಲ್ಲ, ದಾಸ್ತಾನಿನದು. ಒಮ್ಮೊಮ್ಮೆ ಮೆಟ್‌ಫಾರ್ಮಿನ್ ಮುಗಿದಿರುತ್ತದೆ. ಬಂದಾಗ ತಯಾರಕರು ಬೇರೆಯಾಗಿ, ಮಾತ್ರೆಯ ಆಕಾರವೂ ಬದಲಾಗಿರುತ್ತದೆ. ಬಣ್ಣ ನೋಡಿಯೇ ಮಾತ್ರೆ ಗುರುತಿಸುವ ಹಿರಿಯರು ಇದರಿಂದ ಗೊಂದಲಕ್ಕೊಳಗಾಗುವುದು ಸಹಜವಾದ್ದರಿಂದ, ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲಿನ ಔಷಧದ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಮನೆಯವರು ಓದಿ ನೋಡಬೇಕು. ಎಸ್‌ಆರ್ ಮಾತ್ರೆಯ ಹೊರಕವಚ ಕೆಲವೊಮ್ಮೆ ಮಲದಲ್ಲಿ ಹಾಗೆಯೇ ಕಾಣಿಸಿಕೊಂಡರೆ ಗಾಬರಿಯಾಗಬೇಕಿಲ್ಲ. ಔಷಧ ಅಷ್ಟರಲ್ಲಿ ಹೊರಬಂದಿರುತ್ತದೆ, ಬ್ರ್ಯಾಂಡ್ ಮಾತ್ರೆಯಲ್ಲೂ ಹೀಗಾಗುವುದುಂಟು. ಟೆಲ್ಮಿಸಾರ್ಟನ್ ತೇವವನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ನುಂಗುವ ಹೊತ್ತಿಗೆ ಪಟ್ಟಿಯಿಂದ ಬಿಡಿಸಬೇಕು; ವಾರಕ್ಕಾಗುವಷ್ಟನ್ನು ಬಿಡಿಸಿ ಡಬ್ಬಿಯಲ್ಲಿ ತುಂಬಿಡುವ ನಮ್ಮ ಭಾವನವರ ಶಿಸ್ತು ಯಾವ ಕಂಪನಿಯ ಟೆಲ್ಮಿಸಾರ್ಟನ್ ಮಾತ್ರೆಗೂ ಒಳ್ಳೆಯದಲ್ಲ.